ಹನ್ನೆರಡೂ ಮುಕ್ಕಾಲಿನ ಕಳ್ಳ

ಕಾಪುವಿನಲ್ಲಿ ನಾನು ಕೇಬಲ್ ಟಿವಿ ಶುರುಮಾಡಿದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಒಂದು ದೀಪಾವಳಿಯ ಹೊತ್ತಿಗೆ. ಅದಕ್ಕೂ ಮೊದಲು ಪೇಟೆಯಲ್ಲಿ ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಮಾಡಿಕೊಂಡಿದ್ದೆ. ಭಾವನ ಮಾಳಿಗೆ ಮನೆ ಸಮುದ್ರದ ಕಡೆ ಹೋಗುವ ರಸ್ತೆಯಲ್ಲಿತ್ತು. ಅದರ ತಾರಸಿಯ ಮೇಲೆ ಎರಡು ದೊಡ್ಡ ಡಿಶ್ ಕೂರಿಸಿದೆವು, ಒಂದೊಂದೂ ಬೇರೆ ಬೇರೆ ಉಪಗ್ರಹದತ್ತ ಮುಖ ಮಾಡಿ. ಕೆಳಗಿನ ಕೋಣೆಯಲ್ಲಿ ಯಂತ್ರಗಳು. ಅಲ್ಲಿಂದ ತೆಂಗಿನ ಮರಗಳನ್ನು ಹಿಡಿದುಕೊಂಡು ಮನೆಮನೆಗೆ ಕಪ್ಪು ವಯರು.

ವಯರು ಎಳೆಯಲು ಒಬ್ಬರು ಲೈನ್‌ಮನ್ ಸಿಕ್ಕಿದರು. ಬಾಗಲಕೋಟೆ ಕಡೆಯವರು, ಮಣಿಪಾಲದ ಕಟ್ಟಡ ಕೆಲಸಕ್ಕೆಂದು ಬಂದು ಇಲ್ಲೇ ಉಳಿದವರು, ನನಗಿಂತ ಹತ್ತು ವರ್ಷವಾದರೂ ದೊಡ್ಡವರು. ಹೇಳಿದ ಕೆಲಸ ಅಚ್ಚುಕಟ್ಟಾಗಿ ಮಾಡುತ್ತಿದ್ದರು. ಮಧ್ಯಾಹ್ನವಾದರೆ ತಾರಸಿ ಹತ್ತಿ, ಡಿಶ್ಶಿನ ಪಕ್ಕದ ನೆರಳಿನಲ್ಲಿ ಕುಳಿತು ರೊಟ್ಟಿಯ ಗಂಟು ಬಿಚ್ಚುತ್ತಿದ್ದರು. ಮಾತು ಬಹಳ ಕಡಿಮೆ. ಮಾತು ಕಡಿಮೆ ಆಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಒಳಗೊಳಗೇ ಅನುಮಾನ. ಇವರು ಏನು ಯೋಚನೆ ಮಾಡುತ್ತಿರಬಹುದು ಎಂದು ನಾನೇ ಕಲ್ಪಿಸಿಕೊಳ್ಳುತ್ತಿದ್ದೆ.

ಅನುಮಾನಕ್ಕೆ ಕಾರಣವೂ ಇತ್ತು. ಹೆದ್ದಾರಿಯ ಆಚೆ ಇನ್ನೊಬ್ಬರ ಕೇಬಲ್ ಇತ್ತು. ನಾವು ಶುರುಮಾಡಿದ ತಿಂಗಳಲ್ಲೇ ಎರಡು ಸಲ ನಮ್ಮ ವಯರನ್ನು ಯಾರೋ ಇಕ್ಕಳದಲ್ಲಿ ಕತ್ತರಿಸಿದ್ದರು. ಕತ್ತರಿಸಿದವರನ್ನು ನಾವು ಕಣ್ಣಾರೆ ಕಂಡಿರಲಿಲ್ಲ, ಆದರೆ ಯಾರಿರಬಹುದು ಎಂಬುದರಲ್ಲಿ ನನಗೂ ಭಾವನಿಗೂ ಸಂಶಯ ಇರಲಿಲ್ಲ.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಹನ್ನೆರಡೂ ಮುಕ್ಕಾಲಿಗೆ ಚಿತ್ರ ಹೋಯಿತು. ಪರದೆಯ ತುಂಬ ಕಡಲ ದಂಡೆಯ ಹೊಯ್ಗೆ ಎರಚಿದಂತೆ ಚುಕ್ಕಿಗಳು, ಕಿವಿ ತುಂಬುವ ಬುಸ್ ಎಂಬ ಶಬ್ದ. ಎರಡು ನಿಮಿಷದಲ್ಲಿ ತಾನಾಗಿ ಬಂತು. ಮರುದಿನ ಅದೇ ಹೊತ್ತಿಗೆ ಮತ್ತೆ ಹೋಯಿತು, ಈ ಸಲ ನಾಲ್ಕು ನಿಮಿಷ. ಮೂರನೆಯ ದಿನ ಇನ್ನೂ ಹೆಚ್ಚು. ಅದು ಹೆಂಗಸರು ಧಾರಾವಾಹಿ ನೋಡುವ ಸಮಯ. ಮಾರ್ಕೆಟಿನಲ್ಲಿ ಮೀನು ಮಾರಿ ಮನೆಗೆ ಬಂದು, ಊಟದ ಬಟ್ಟಲು ಹಿಡಿದು ಟಿವಿ ಮುಂದೆ ಕೂರುವ ಅಕ್ಕ ಒಬ್ಬರಿದ್ದರು. ಅವರು ಫೋನಿನಲ್ಲಲ್ಲ, ನೇರವಾಗಿ ಯಂತ್ರದ ಕೋಣೆಗೇ ಬಂದರು.

"ಎಂತ ಮಾರಾಯ, ದಿನಾ ಅದೇ ಹೊತ್ತಿಗೆ ಹೋಗುವುದು? ನೀನು ಊಟಕ್ಕೆ ಹೋಗುವಾಗ ಆಫ್ ಮಾಡಿ ಹೋಗುವುದಾ?"

"ಇಲ್ಲ ಅಕ್ಕ, ನಾನು ಇಲ್ಲೇ ಇದ್ದೇನೆ."

"ಮತ್ತೆ ಯಾರು ಮಾಡುವುದು? ದೆವ್ವವಾ?"

ಅಕ್ಕ ಹೋದ ಮೇಲೆ ನಾನು ಅದನ್ನೇ ಯೋಚಿಸಿದೆ. ಗಾಳಿ ಮಳೆಯ ದೋಷ ಗಡಿಯಾರ ನೋಡಿಕೊಂಡು ಬರುವುದಿಲ್ಲ. ಇದು ಮನುಷ್ಯನ ಕೈಯೇ. ಆ ಹೊತ್ತಿಗೆ ತಾರಸಿಯ ಮೇಲೆ ಇರುವವರು ಯಾರು? ರೊಟ್ಟಿ ತಿನ್ನುವವರು. ಆ ವಾರವೇ ಭಾವ ಬಂದು ಇನ್ನೊಂದು ಸುದ್ದಿ ಹೇಳಿದರು: ಲೈನ್‌ಮನ್ ಬೆಳ್ಮಣ್ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಹೆದ್ದಾರಿಯಾಚೆಯವರ ಕೆಲಸದವನ ಜೊತೆ ಚಹಾ ಕುಡಿಯುತ್ತಿದ್ದರಂತೆ. ನನಗೆ ಅಷ್ಟು ಸಾಕಾಯಿತು.

ಐದನೆಯ ದಿನ ಹನ್ನೆರಡೂವರೆಗೇ ನಾನು ತಾರಸಿಯ ಮೆಟ್ಟಿಲ ಕೋಣೆಯಲ್ಲಿ, ಹುಲ್ಲಿನಲ್ಲಿ ಕಟ್ಟಿಟ್ಟ ಅಕ್ಕಿ ಮುಡಿಗಳ ಹಿಂದೆ ಕುಳಿತೆ. ಬಾಗಿಲ ಸಂದಿಯಿಂದ ಎರಡೂ ಡಿಶ್ ಕಾಣುತ್ತಿದ್ದವು. ಅವರು ಬಂದರು, ರೊಟ್ಟಿ ತಿಂದರು, ಕೈ ತೊಳೆದರು. ಆಮೇಲೆ ಎದ್ದು ಪಶ್ಚಿಮದ ಡಿಶ್ಶಿನ ಹತ್ತಿರ ಹೋಗಿ ಒಳಗೆ ಇಣುಕಿದರು. ಕೈಗಡಿಯಾರ ನೋಡಿದರು. ಮತ್ತೆ ಇಣುಕಿದರು. ಅಷ್ಟರಲ್ಲಿ ಕೆಳಗಿನಿಂದ ಭಾವನ ಕೂಗು ಕೇಳಿತು: "ಹೋಯ್ತು! ಪುನಃ ಹೋಯ್ತು!"

ನಾನು ಬಾಗಿಲು ತಳ್ಳಿ ಹೊರಗೆ ಹಾರಿದೆ. "ಎಂತ ಮಾಡಿದ್ದು ನೀವು?"

ಅವರು ಬೆಚ್ಚಿದರು. "ನಾ ಏನೂ ಮಾಡಿಲ್ರಿ ಮಾಲಕ್ರ. ಇಲ್ಲಿ ಬಂದು ನೋಡ್ರಿ. ಈ ಡಬ್ಬಿ ನೆರಳು ಬುಟ್ಟಿ ನಡುವ ಬಂದಾಗ ಚಿತ್ರ ಹೋಗತೈತಿ. ಮೂರು ದಿನದಿಂದ ನೋಡಾಕತ್ತೀನಿ."

ಬುಟ್ಟಿ ಎಂದರೆ ಡಿಶ್. ಡಬ್ಬಿ ಎಂದರೆ ಅದರ ನಡುವೆ ಮೂರು ಸರಳುಗಳ ಮೇಲೆ ಎತ್ತರಕ್ಕೆ ನಿಲ್ಲಿಸಿದ, ಉಪಗ್ರಹದ ಅಲೆಗಳನ್ನು ಹಿಡಿಯುವ ಸಾಧನ. ನಾನು ಅತ್ತ ತಿರುಗಿಯೂ ನೋಡಲಿಲ್ಲ.

"ಮೂರು ದಿನದಿಂದ ಗೊತ್ತಿದ್ದರೆ ನನಗೆ ಯಾಕೆ ಹೇಳಲಿಲ್ಲ?"

"ಖಾತ್ರಿ ಆಗಲಿ ಅಂತ ಬಿಟ್ಟಿದ್ನಿರಿ. ನಾಳೆ ಸುದ್ದಾ ಆಗತೈತಿ, ಬೇಕಾದ್ರ ನೋಡ್ರಿ."

ನಾಳೆಯೂ ಆಗುತ್ತದೆ ಎಂದು ಇಷ್ಟು ಧೈರ್ಯದಿಂದ ಹೇಳಲು, ಮಾಡುವವನಿಗೆ ಅಲ್ಲದೆ ಇನ್ನಾರಿಗೆ ಸಾಧ್ಯ? ಆಗ ನನಗೆ ತೋಚಿದ್ದು ಅಷ್ಟೇ. ಬೆಳ್ಮಣ್‌ನ ಚಹಾದ ಮಾತನ್ನೂ ಎತ್ತಿದೆ. ಅವನು ನಮ್ಮೂರಿನವನು, ಊರಿನ ಸುದ್ದಿ ಕೇಳುತ್ತಿದ್ದೆ ಎಂದರು. ನಾನು ನಂಬಲಿಲ್ಲ. ತಾರಸಿಯ ಕೀಲಿ ಕೈ ಕೇಳಿದೆ. ಅವರು ಕೊಟ್ಟರು, ಸೊಂಟದ ಇಕ್ಕಳವನ್ನೂ ಬಿಚ್ಚಿ ಕಟ್ಟೆಯ ಮೇಲಿಟ್ಟರು. ಜೋರು ಮಾತಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತೋ ಏನೋ. ಅವರು ರೊಟ್ಟಿಯ ಬಟ್ಟೆ ಮಡಚಿಕೊಂಡು ಮೆಟ್ಟಿಲಿಳಿದು ಹೋದರು.

ಮರುದಿನ ತಾರಸಿಯ ಬಾಗಿಲಿಗೆ ಬೀಗ, ಕೀಲಿ ನನ್ನ ಕಿಸೆಯಲ್ಲಿ. ಹನ್ನೆರಡೂ ಮುಕ್ಕಾಲಿಗೆ ಚಿತ್ರ ಹೋಯಿತು.

ಇಷ್ಟಾದ ಮೇಲೆ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಇನ್ನೊಂದು ಕೀಲಿ ಮಾಡಿಸಿಕೊಂಡಿರಬಹುದು, ಎಲ್ಲೋ ವಯರಿಗೆ ಏನೋ ಸೇರಿಸಿರಬಹುದು ಎಂದು ಮಧ್ಯಾಹ್ನವಿಡೀ ಲೈನು ಹುಡುಕುತ್ತಾ ಅಲೆದೆ. ಏನೂ ಸಿಗಲಿಲ್ಲ. ಅದರ ಮರುದಿನ ಒಂದು ಸಣ್ಣ ಟಿವಿಯನ್ನೂ ರಿಸೀವರನ್ನೂ ತಾರಸಿಗೆ ಹೊತ್ತು, ಡಿಶ್ಶಿನ ವಯರನ್ನು ನೇರ ಅಲ್ಲೇ ಜೋಡಿಸಿ ಕುಳಿತೆ. ಈಗ ನಡುವೆ ಯಾರ ಕೈಯೂ ಇಲ್ಲ. ಡಬ್ಬಿಯ ನೆರಳು ಡಿಶ್ಶಿನ ಒಳಗೆ ನಿಧಾನವಾಗಿ ಸರಿಯುತ್ತಾ ಬಂತು. ಸರಿಯಾಗಿ ನಡುವಿಗೆ ಬರುವ ಹೊತ್ತಿಗೆ ಧಾರಾವಾಹಿಯ ಅತ್ತೆಯ ಮುಖ ಹೊಯ್ಗೆಯಲ್ಲಿ ಮುಳುಗಿತು. ನೆರಳು ಆಚೆ ಜಾರಿದ ಮೇಲೆ ಮುಖ ಮತ್ತೆ ತೇಲಿತು.

ಲೈನ್‌ಮನ್ ಹೇಳಿದ್ದು ನಿಜವೇ ಆಗಿತ್ತು. ಆದರೂ ಮರುದಿನ ಬೆಳಿಗ್ಗೆಯೇ ಪೂರ್ವದ ಡಿಶ್ಶಿನ ಮುಂದೆ ಕುಳಿತೆ. ಹನ್ನೊಂದೂಕಾಲರ ಸುಮಾರಿಗೆ ಅದರಲ್ಲೂ ನೆರಳು ನಡುವಿಗೆ ಬಂತು, ಅದರ ಚಿತ್ರವೂ ಹೋಯಿತು. ಆ ಹೊತ್ತಿಗೆ ಆ ಚಾನೆಲ್ಲುಗಳನ್ನು ಯಾರೂ ನೋಡುತ್ತಿರಲಿಲ್ಲ, ಹಾಗಾಗಿ ದೂರು ಬಂದಿರಲಿಲ್ಲ ಅಷ್ಟೆ.

ನಮಗೆ ಡಿಶ್ ಮಾರಿದವರು ಉಡುಪಿಯಲ್ಲಿದ್ದರು. ಫೋನ್ ಮಾಡಿದೆ. ಅವರು ನಕ್ಕರು.

"ಅದು ಸನ್ ಔಟೇಜ್ ಮಾರಾಯ್ರೆ. ವರ್ಷಕ್ಕೆ ಎರಡು ಸಲ ಉಂಟು, ಮಾರ್ಚಿನಲ್ಲಿ ಒಮ್ಮೆ, ಸೆಪ್ಟೆಂಬರ್ ಕೊನೆಗೆ ಒಮ್ಮೆ. ಆ ಕೆಲವು ದಿನ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬರ್ತಾನೆ. ಸೂರ್ಯನಿಂದ ಬರುವುದು ಬೆಳಕು, ಬಿಸಿ ಮಾತ್ರ ಅಲ್ಲ, ರೇಡಿಯೋ ಅಲೆಗಳೂ ಬರ್ತವೆ. ಆ ಗದ್ದಲದಲ್ಲಿ ಉಪಗ್ರಹದ ಸಣ್ಣ ಸ್ವರ ನಿಮ್ಮ ಡಿಶ್ಶಿಗೆ ಕೇಳುವುದಿಲ್ಲ. ನಿಮಗೆ ಹೇಳಿರಲಿಲ್ವಾ ನಾನು?"

ಹೇಳಿರಲಿಲ್ಲ. ಹೇಳಿದ್ದರೂ ನಾನು ನಂಬುತ್ತಿದ್ದೆನೇ, ಗೊತ್ತಿಲ್ಲ. ಜೀವಮಾನವಿಡೀ ತಲೆಯ ಮೇಲೆ ಸುಡುತ್ತಿದ್ದ ಸೂರ್ಯನ ಬಗ್ಗೆ ನನಗೆ ಒಂದು ದಿನವೂ ಅನುಮಾನ ಬಂದಿರಲಿಲ್ಲ.

ಲೈನ್‌ಮನ್‌ರನ್ನು ಹುಡುಕಿಕೊಂಡು ಮಣಿಪಾಲಕ್ಕೆ ಹೋದೆ. ಹೋಗುವ ಬಸ್ಸಿನಲ್ಲೂ, ನಮ್ಮ ಹೊಸ ವಯರಿನ ಸುರುಳಿಯೊಂದು ಕಾಣುತ್ತಿಲ್ಲ, ಇವರೇ ಒಯ್ದಿರಬಹುದೇ ಎಂಬ ಯೋಚನೆ ಬಂದುಹೋಯಿತು. ಸುರುಳಿ ಭಾವನ ದನದ ಹಟ್ಟಿಯಲ್ಲಿತ್ತು, ಆಮೇಲೆ ಸಿಕ್ಕಿತು. ನನ್ನ ಮನಸ್ಸು ಹೇಗಿತ್ತು ಎಂಬುದು ತಿಳಿಯಲೆಂದು ಇದನ್ನು ಹೇಳುತ್ತಿದ್ದೇನೆ.

ಹಾಸ್ಟೆಲ್ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ಅವರು ಕಬ್ಬಿಣ ಕಟ್ಟುತ್ತಿದ್ದರು. ನನ್ನನ್ನು ಕಂಡು ಕೆಳಗಿಳಿದು ಬಂದರು.

"ನೆರಳು ನೋಡಿದ್ರೇನ್ರಿ?" ಅದೇ ಅವರ ಮೊದಲ ಮಾತು.

"ನೋಡಿದೆ. ನನ್ನದು ತಪ್ಪಾಯಿತು."

ಅವರು ಆ ಮಾತನ್ನು ಅಲ್ಲಿಗೇ ಬಿಟ್ಟು, ಯಾಕೆ ಹಾಗಾಗುತ್ತದೆ ಎಂದು ಕೇಳಿದರು. ಉಡುಪಿಯವರು ಹೇಳಿದ್ದನ್ನೆಲ್ಲ ಹೇಳಿದೆ. ಸಿಮೆಂಟು ಹತ್ತಿದ ಕೈಯನ್ನು ಹಣೆಗೆ ಅಡ್ಡ ಹಿಡಿದು ಮೇಲೆ ನೋಡಿದರು. "ಕಣ್ಣಿಗೆ ಕಾಣೂದು ಅರ್ಧ, ಕಾಣದ್ದು ಅರ್ಧ ಅಂದಂಗಾತು" ಎಂದರು. ಮುಖದಲ್ಲಿ ನಿಜವಾದ ಸಂತೋಷವಿತ್ತು.

"ನಾಳೆಯಿಂದ ಬನ್ನಿ" ಎಂದೆ.

"ಬರಂಗಿಲ್ರಿ ಮಾಲಕ್ರ. ಸಿಟ್ಟಿಲ್ಲ. ಆದ್ರ ಮುಂದ ಯಾವಾಗರ ಮತ್ತ ಚಿತ್ರ ಹೋದ್ರ, ನಿಮ್ಮ ಕಣ್ಣು ಮೊದಲ ನನ್ನ ಮ್ಯಾಲೆ ಬೀಳತೈತಿ. ಅದನ್ನ ತಿಳಕೊಂಡು ಕೆಲಸ ಮಾಡಾಕ ಆಗಂಗಿಲ್ಲ."

ಬಸ್ಸಿನಲ್ಲಿ ಬಂದುಹೋದ ಸುರುಳಿಯ ಯೋಚನೆ ನೆನಪಾಯಿತು. ಮುಂದಿನ ಬಸ್ಸಿಗೆ ಕಾಪುವಿಗೆ ಹೊರಟೆ.

ಸೆಪ್ಟೆಂಬರ್ ಕೊನೆಯಲ್ಲಿ ನಾನು ಜಾಣನಾಗಿ, ಚಿತ್ರ ಹೋಗುವ ದಿನ ಮತ್ತು ಹೊತ್ತನ್ನು ಉಡುಪಿಯವರಿಂದ ಕೇಳಿಕೊಂಡು ಚೀಟಿಯಲ್ಲಿ ಬರೆದು ಮನೆಮನೆಗೆ ಮೊದಲೇ ಹಂಚಿದೆ. ಕಾರಣ: ಸೂರ್ಯ. ಊರು ನಕ್ಕಿತು. ಚೀಟಿಯ ಮೊದಲ ದಿನ ಆಕಾಶದ ತುಂಬ ಮೋಡ, ಒಂದು ನೆರಳೂ ಇಲ್ಲ. ಚಿತ್ರ ಮಾತ್ರ ಹೇಳಿದ ಹೊತ್ತಿಗೇ ಹೋಯಿತು. ಮೀನಿನ ಅಕ್ಕ ತಾರಸಿ ಹತ್ತಿ ಬಂದರು.

"ಎಲ್ಲಿದ್ದಾನೆ ನಿನ್ನ ಸೂರ್ಯ? ಮೋಡದಲ್ಲಿ ಕಾಣದವನು ನಿನ್ನ ಟಿವಿಯನ್ನು ಹೇಗೆ ಹಾಳು ಮಾಡಿದ?"

"ಬೆಳಕನ್ನು ಮೋಡ ತಡೆಯುತ್ತದೆ ಅಕ್ಕ, ರೇಡಿಯೋ ಅಲೆಯನ್ನು ತಡೆಯುವುದಿಲ್ಲ."

"ಮೊದಲೇ ಬರೆದು ಕೊಟ್ಟಿದ್ದಿ, ಅದೇ ಹೊತ್ತಿಗೆ ಹೋಯ್ತು. ನೀನೇ ಮಾಡದೆ ನಿನಗೆ ಹೇಗೆ ಗೊತ್ತಾಗುವುದು?"

ಮಾರ್ಚಿನಲ್ಲಿ ಲೈನ್‌ಮನ್ ಬಗ್ಗೆ ನಾನು ಯೋಚಿಸಿದ್ದೂ ಇದನ್ನೇ. ಕೊನೆಗೆ ಒಂದು ಒಪ್ಪಂದ ಮಾಡಿಕೊಂಡೆವು. ಮರುದಿನ ನಾನು ಅವರ ಮನೆಯಲ್ಲಿ, ಅವರ ಅತ್ತೆಯ ಕಣ್ಣ ಮುಂದೆ ಕೂರುವುದು. ಅಕ್ಕ ನಾದಿನಿಯ ಜೊತೆ ತಾರಸಿಯಲ್ಲಿ ಕೂರುವುದು. ಅದೃಷ್ಟಕ್ಕೆ ಬಿಸಿಲು ಬಿತ್ತು. ಚಿತ್ರ ಹೋಗಿ ಬಂದ ಮೇಲೆ ಅಕ್ಕ ಮನೆಗೆ ಬಂದರು, ಸೆರಗಿನಿಂದ ಮುಖ ಒರೆಸಿಕೊಂಡರು.

"ನೆರಳು ನಡುವಿಗೆ ಬಂದದ್ದು ಹೌದು" ಎಂದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಆದರೆ ನಿನ್ನ ಭಾವ ಕೆಳಗಿನ ಕೋಣೆಯಲ್ಲೇ ಇದ್ದ ಅಲ್ವಾ?"

ಎರಡು ಸಾವಿರದ ಇಸವಿಯ ನಂತರದ ವರ್ಷಗಳಲ್ಲಿ ಕೇಬಲ್ಲನ್ನು ದೊಡ್ಡ ಕಂಪೆನಿಯವರಿಗೆ ಬಿಟ್ಟುಕೊಟ್ಟೆ. ಒಂದು ದಿನ ಬೇರೆ ಕೆಲಸಕ್ಕೆ ಕಾರ್ಕಳಕ್ಕೆ ಹೋದಾಗ, ಲಾಡ್ಜೊಂದರ ತಾರಸಿಯ ಮೇಲೆ ಸೋಲಾರ್ ವಾಟರ್ ಹೀಟರ್ ಜೋಡಿಸುತ್ತಿದ್ದ ನಮ್ಮ ಲೈನ್‌ಮನ್ ಕಂಡರು. ಮೇಲಿಂದಲೇ ಕೈ ಬೀಸಿದರು, ಇಳಿದು ಬಂದು ಚಹಾ ಕುಡಿಸಿದರು. ಕೈ ಕೆಳಗೆ ಇಬ್ಬರು ಕೆಲಸ ಮಾಡುತ್ತಿದ್ದರು.

ಮೋಡದ ದಿನವೂ ಚಿತ್ರ ಹೋದ ಕಥೆಯನ್ನು ಹೇಳಿದೆ. ಅವರು ಗಮನವಿಟ್ಟು ಕೇಳಿದರು.

"ಮೋಡ ಇದ್ರ ನಮ್ಮ ನೀರು ಸುಡಂಗಿಲ್ರಿ, ಉಗುರುಬೆಚ್ಚಗ ಅಷ್ಟ ಆಗತೈತಿ" ಎಂದರು. "ಗಿರಾಕಿಗೆ ಹಾಂಗಂತ ಮೊದಲ ಹೇಳಿಬಿಡತೀನಿ. ಆದ್ರೂ ನಾನ ಏನರ ಕೆಡಿಸೀನಿ ಅಂತ ಅನುಮಾನ ಪಡತಾರ."

ಅಜೆಕಾರಿಗೆ ಹೋಗುವ ಬಸ್ಸು ಬಂತು. ಅಲ್ಲೊಂದು ಮನೆಯಲ್ಲಿ ಹೀಟರಿಗೆ ಅಳತೆ ತೆಗೆಯುವುದಿದೆ ಎಂದು ಅವರು ಹತ್ತಿಕೊಂಡರು.