ಗೋಡೆಯಿಲ್ಲದ ಬಾಗಿಲು

ಅರಕೆರೆಯ ಪುಟ್ಟಸ್ವಾಮಿ ಆಚಾರ್ರು ಮಾಡಿದ ಬಾಗಿಲು ಕಿರುಗುಟ್ಟುವುದಿಲ್ಲ. ಇದು ಅವರೇ ಹೇಳಿಕೊಂಡ ಮಾತಲ್ಲ, ಊರು ಹೇಳುವ ಮಾತು. ಶ್ರೀರಂಗಪಟ್ಟಣದಿಂದ ಪಾಂಡವಪುರದವರೆಗೆ ಎಷ್ಟೋ ಜನ ಗೃಹಪ್ರವೇಶದ ದಿನ ಅವರು ಕೆತ್ತಿದ ಹೊಸ್ತಿಲನ್ನೇ ದಾಟಿ ಒಳಗೆ ಹೋಗಿದ್ದಾರೆ. ಆಚಾರ್ರ ಸ್ವಂತ ಮನೆ ಮಾತ್ರ ಅಪ್ಪನ ಕಾಲದ್ದು. ಒಂದು ನಡುಮನೆ, ಒಂದು ಅಡುಗೆಮನೆ, ಒಂದೇ ಒಂದು ರೂಮು. ರೂಮಿನಲ್ಲಿ ಮಗ ಮೌನೇಶ್, ಸೊಸೆ ಮತ್ತು ಮೊಮ್ಮಕ್ಕಳು. ಆಚಾರ್ರೂ ಹೆಂಡತಿ ಲಲಿತಮ್ಮನೂ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದರು. ಅದೊಂದು ಕೊರತೆಯೆಂದು ಯಾರಿಗೂ ಅನ್ನಿಸಿರಲಿಲ್ಲ.

ಅನ್ನಿಸಿದ್ದು ಮಗಳು ಸೌಮ್ಯಶ್ರೀ ಬಸುರಿಯಾದಾಗ. ನಾಗಮಂಗಲಕ್ಕೆ ಕೊಟ್ಟ ಹುಡುಗಿ. ಮದುವೆಯಾಗಿ ವರ್ಷಗಳೇ ಉರುಳಿದ್ದವು, ಕರಿಘಟ್ಟದ ದೇವರಿಗೆ ಹರಕೆ ಹೊತ್ತು ಬೆಟ್ಟ ಹತ್ತಿ ಹತ್ತಿ ಲಲಿತಮ್ಮನಿಗೆ ಮೆಟ್ಟಿಲೆಲ್ಲ ಬಾಯಿಪಾಠವಾಗಿದ್ದವು. ಸುದ್ದಿ ಹೇಳಲು ಫೋನು ಮಾಡಿದ ಮಗಳು ಅಳುತ್ತ, ನಗುತ್ತ ಹೇಳಿದ್ದು ಒಂದೇ ಮಾತು.

"ಬಾಣಂತನ ನಮ್ಮನೇಲೇ ಕಣಪ್ಪ. ಅವ್ವನ ಕೈಲೇ ನೀರು ಉಯ್ಯುಸ್ಕಬೇಕು ನಾನು."

"ಇನ್ನೆಲ್ಲಿ ಮಾಡ್ತಾರವ್ವ? ಬಾ," ಅಂದುಬಿಟ್ಟರು ಆಚಾರ್ರು. ಫೋನು ಇಟ್ಟ ಮೇಲೆ ಮನೆಯನ್ನು ಒಂದು ಸುತ್ತು ನೋಡಿದರು. ಬಾಣಂತಿಗೆ ಗಾಳಿ ತಾಕಬಾರದು, ಕೂಸಿನ ಕಿವಿಗೆ ಸದ್ದು ಬೀಳಬಾರದು. ನಡುಮನೆಯಲ್ಲೋ ಟೀವಿ, ಮೊಮ್ಮಕ್ಕಳ ಕುಣಿತ, ಬಂದುಹೋಗುವವರ ಚಪ್ಪಲಿ. ರೂಮಿನಿಂದ ಮಗ ಸೊಸೆಯನ್ನು ಎಬ್ಬಿಸುವ ಹಾಗಿಲ್ಲ. ಹಿತ್ತಿಲಲ್ಲಿ ಜಾಗವಿತ್ತು. ಅಲ್ಲೊಂದು ಪುಟ್ಟ ಮನೆ, ಅಂದರೆ ಒಂದು ರೂಮು, ಮಗ್ಗುಲಿಗೊಂದು ಬಚ್ಚಲು ಎಬ್ಬಿಸಿಬಿಡುವುದೆಂದು ತೀರ್ಮಾನವಾಯಿತು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಮದುವೆಯನ್ನು ಆಚಾರ್ರು ಮಾಡಿ ನೋಡಿದ್ದರು.

ಕಂಟ್ರಾಕ್ಟರ್ ಕುಮಾರ್ ಪಾಂಡವಪುರದವನು. ಬುಲೆಟ್ಟಿನಲ್ಲಿ ಬಂದ, ಹಿತ್ತಿಲನ್ನು ಕಾಲಿನಲ್ಲೇ ಅಳೆದ, ಕೇಳಿದ್ದಕ್ಕೆಲ್ಲ ತಲೆಯಾಡಿಸಿದ. "ಆಯ್ತದೆ ಬುಡಿ ಆಚಾರ್ರೇ. ನಿಮ್ ಮಗ್ಳು ಬರೋ ಒತ್ಗೆ ಬಣ್ಣ ಒಣಗಿರ್ತದೆ," ಅಂದ. ಈ ಕಂಟ್ರಾಕ್ಟರುಗಳ ಬಾಯಲ್ಲಿ ಮನೆ ಏಳುವಷ್ಟು ಬೇಗ ಭೂಮಿಯ ಮೇಲೆ ಏಳುವಂತಿದ್ದರೆ ಊರಲ್ಲಿ ಬಾಡಿಗೆಮನೆಯವರೇ ಇರುತ್ತಿರಲಿಲ್ಲ. ಆದರೆ ಪಾಯ ತೆಗೆದು ತುಂಬಿಸಿದ, ಅದೂ ಸಲೀಸಾಗಿ. ಆಚಾರ್ರಿಗೆ ನಂಬಿಕೆ ಬಂತು.

ತಪ್ಪಾದದ್ದು ಆಮೇಲೆ. ಆಷಾಢ ಹತ್ತಿರ ಬಂದಿತ್ತು. ಆಷಾಢ ಹುಟ್ಟಿದರೆ ಬಾಗಿಲು ನಿಲ್ಲಿಸುವ ಹಾಗಿಲ್ಲ. ಲಲಿತಮ್ಮ ಅವಸರ ಮಾಡಿದರು, ಆಚಾರ್ರು ಅವರಿಗಿಂತ ಅವಸರ ಮಾಡಿದರು. ತೇಗದ ಚೌಕಟ್ಟು ಆಗಲೇ ಸಿದ್ಧವಾಗಿತ್ತು. ಊರಿಗೆಲ್ಲ ಕೆತ್ತಿದ ಕೈ ಮಗಳಿಗೆ ಕೆತ್ತುವಾಗ ಸುಮ್ಮನಿರುತ್ತದೆಯೇ? ಮೇಲುಪಟ್ಟಿಯ ತುಂಬ ಕಮಲ, ಬಳ್ಳಿ, ಎರಡು ಗಿಣಿ. ಹೊಸ್ತಿಲಿಗೆ ಅರಿಶಿನ ಬಳಿದು, ನವಧಾನ್ಯ ಕಟ್ಟಿ, ಕುಮಾರನ ಕೈಯಿಂದಲೇ ಬಾಗಿಲು ನಿಲ್ಲಿಸಿ, ಅವನಿಗೆ ಎಲೆ ಅಡಿಕೆ, ಪಂಚೆ ಕೊಟ್ಟರು. ಎರಡು ಕಡೆ ಬಿದಿರಿನ ಗಳುಗಳ ಆಸರೆ ಕೊಟ್ಟು ಕುಮಾರ್ ಬುಲೆಟ್ ಹತ್ತಿದ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡಿದ್ದೇನೆ ಎಂದು ಆಚಾರ್ರಿಗೆ ಆವತ್ತು ಹೊಳೆಯಲೇ ಇಲ್ಲ.

ಆಷಾಢದಲ್ಲಿ ಆಳುಗಳು ಊರಿಗೆ ಹೋಗಿದ್ದಾರೆ ಅಂದ ಕುಮಾರ್. ಶ್ರಾವಣದಲ್ಲಿ ಇನ್ನೊಂದು ಗೃಹಪ್ರವೇಶದ ಗಡಿಬಿಡಿ. ಗೌರಿ ಹಬ್ಬ ಕಳೆಯಲಿ ಅಂದ. ಪಿತೃಪಕ್ಷದಲ್ಲಿ ಗೋಡೆ ಎಬ್ಬಿಸಬಾರದೆಂದು ಆಚಾರ್ರಿಗೇ ಶಾಸ್ತ್ರ ಹೇಳಿದ. ಫೋನು ಎತ್ತುತ್ತಿದ್ದ, ಅದೇ ಸಂಕಟ. ಎತ್ತದೇ ಇದ್ದಿದ್ದರೆ ಬೈದು ಸುಮ್ಮನಾಗಬಹುದಿತ್ತು.

ಕಾದು ಸಾಕಾಗಿ ಆಚಾರ್ರು ಊರಿನವನೇ ಆದ ಗಾರೆ ಮೇಸ್ತ್ರಿ ಚಿಕ್ಕಸ್ವಾಮಿಯನ್ನು ಕರೆತಂದರು. ಅವನು ಪಾಯ ನೋಡಿದ, ಚೌಕಟ್ಟಿನ ಗಿಣಿಯನ್ನು ಸವರಿದ, ಆಮೇಲೆ ಕೈ ಹಿಂದಕ್ಕೆ ಕಟ್ಟಿಕೊಂಡ.

"ಆಚಾರ್ರೇ, ಬಾಗ್ಲು ನಿಲ್ಸಿರೋನು ಅವ್ನು. ಅವ್ನು ಕೈ ಇಟ್ಟಿರೋ ಕೆಲ್ಸಕ್ಕೆ ನಾನೆಂಗೆ ಕೈ ಆಕ್ಲಿ? ಬುಟ್ಟೆ ಅಂತ ಒಂದ್ ಮಾತು ಅವನ ಬಾಯಲ್ಲೇ ಯೋಳ್ಸಿ, ನಾಳೇನೇ ಆಳು ಕರ್ಕಂಡ್ ಬತ್ತೀನಿ. ನಿಮ್ಗೆ ಗೊತ್ತಿಲ್ದೇ ಇರೋದಾ ಇದು?"

ಗೊತ್ತಿಲ್ಲದೆ ಏನು! ಇನ್ನೊಬ್ಬ ಆಚಾರಿ ಉಳಿ ಇಟ್ಟ ಮರವನ್ನು ಪುಟ್ಟಸ್ವಾಮಿ ಜೀವಮಾನದಲ್ಲಿ ಮುಟ್ಟಿದವರಲ್ಲ. ಅದಕ್ಕೇ ಅವರಿಗೆ ಕಸುಬಿನವರ ನಡುವೆ ಮರ್ಯಾದೆ. ಚಿಕ್ಕಸ್ವಾಮಿಯ ಮೇಲೆ ಕೋಪ ಮಾಡಿಕೊಳ್ಳೋಣವೆಂದರೆ ಅವನು ಹೇಳಿದ್ದು ತಮ್ಮದೇ ಮಾತು. ಅಲ್ಲಿಂದಲೇ ಕುಮಾರನಿಗೆ ಫೋನು ಹಚ್ಚಿದರು.

"ಬುಟ್ಟೆ ಅನ್ನಕಾಯ್ತದಾ ಆಚಾರ್ರೇ? ಎಲ್ಲಾದ್ರೂ ಉಂಟಾ! ನಿಮ್ಮನೆ ಕೆಲ್ಸ ಅಂದ್ರೆ ನಮ್ಮನೆ ಕೆಲ್ಸ ಇದ್ದಂಗೆ," ಅಂದ ಕುಮಾರ್, ಅಕ್ಕರೆಯಿಂದ. ಉಗುಳಲೂ ಆಗದ, ನುಂಗಲೂ ಆಗದ ಬಿಸಿತುಪ್ಪ.

ಕೈ ಸುಮ್ಮನಿರಲಾರದೆ ಆಚಾರ್ರು ಕದವನ್ನೂ ಮಾಡಿದರು. ಮಾಡಿದ್ದನ್ನು ಒಳಗಿಡಲು ಜಾಗವಿಲ್ಲದೆ ಚೌಕಟ್ಟಿಗೇ ಕೂರಿಸಿ, ಚಿಲಕ ಹಾಕಿ, ಆಸರೆಗೆ ಇನ್ನೆರಡು ಗಳು ಕೊಟ್ಟರು. ಹೀಗೆ ಹಿತ್ತಿಲ ನಡುವೆ ಗೋಡೆಯಿಲ್ಲದ ಬಾಗಿಲೊಂದು ನಿಂತಿತು. ಕೋಳಿಗಳು ಪಕ್ಕದಿಂದ ಹೋಗುತ್ತಿದ್ದವು. ಲಲಿತಮ್ಮ ಮಾತ್ರ ನಿಂತ ಹೊಸ್ತಿಲನ್ನು ಸುತ್ತಿಬಳಸಿ ಹೋದರೆ ಶ್ರೇಯಸ್ಸಲ್ಲವೆಂದು ಬಟ್ಟೆ ಒಣಹಾಕಲು ಹೋಗುವಾಗಲೂ ಚಿಲಕ ತೆಗೆದು, ಬಲಗಾಲಿಟ್ಟು ದಾಟಿ, ಮತ್ತೆ ಚಿಲಕ ಹಾಕುತ್ತಿದ್ದರು. ಶುಕ್ರವಾರ ರಂಗೋಲಿ ಬೇರೆ. ಬೀದಿಯವರು ಬಂದು ನೋಡಿ ನಗುತ್ತಿದ್ದರು, ಆಚಾರ್ರು ತಲೆ ಎತ್ತುತ್ತಿರಲಿಲ್ಲ.

ದಸರೆಗೆ ಮುಂಚೆ ಮಗಳು ವಿಡಿಯೋ ಕಾಲ್ ಮಾಡಿ, "ಅಪ್ಪಾ, ನನ್ ರೂಮು ತೋರ್ಸು," ಅಂದಳು. ಆಚಾರ್ರು ಫೋನನ್ನು ಬಾಗಿಲಿಗೆ ಹತ್ತಿರ ಹಿಡಿದರು. ಕಮಲ ತೋರಿಸಿದರು, ಗಿಣಿ ತೋರಿಸಿದರು, ಚಿಲಕ ತೋರಿಸಿದರು.

"ಅಯ್ಯೋ ಏಟೊಂದ್ ಚೆಂದಾಗದೆ! ತೆಗ್ದು ಒಳಗೆ ತೋರ್ಸಪ್ಪ."

"ಒಳಗೆ ಇನ್ನೂ ಲೈಟು ಆಕ್ಸಿಲ್ಲ ಕಣವ್ವ. ಕತ್ಲು," ಅಂದರು. ತಲೆಯ ಮೇಲೆ ಮಟಮಟ ಮಧ್ಯಾಹ್ನದ ಬಿಸಿಲು. ಹಿಂದೆ ನಿಂತಿದ್ದ ಲಲಿತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಿಜ ಹೇಳಿದರೆ ಮಗಳು ನೊಂದುಕೊಳ್ಳುತ್ತಾಳೆ, ಇನ್ನು ಸ್ವಲ್ಪ ದಿನದಲ್ಲಿ ಗೋಡೆ ಎದ್ದೇಳುತ್ತದೆ ಎಂದು ಆಚಾರ್ರು ತಮಗೆ ತಾವೇ ಹೇಳಿಕೊಂಡರು. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ.

ಆಯುಧಪೂಜೆ ಕಳೆಯಿತು. ಕರೆದುಕೊಂಡು ಬರಲು ಅಪ್ಪ ಹೊರಡುವ ಸುಳಿವೇ ಕಾಣದಿದ್ದಾಗ, ಅವರಿಗೆ ತೊಂದರೆ ಯಾಕೆಂದು ಸೌಮ್ಯಶ್ರೀ ತಾನೇ ಅತ್ತೆಯ ಜೊತೆ ಕಾರು ಮಾಡಿಕೊಂಡು ಬಂದುಬಿಟ್ಟಳು. ತುಂಬಿದ ಹೊಟ್ಟೆ, ಕೈಯಲ್ಲಿ ಕೂಸಿನ ಬಟ್ಟೆಗಳ ಚೀಲ. ನೀರು ಕೂಡ ಕುಡಿಯದೆ ನೆಟ್ಟಗೆ ಹಿತ್ತಿಲಿಗೆ ನಡೆದಳು. "ನಿಂತ್ಕವ್ವ, ನಿಂತ್ಕ," ಎನ್ನುತ್ತ ಆಚಾರ್ರು ಹಿಂದೆ ಓಡಿದರು.

ಅವಳು ಬಾಗಿಲ ಎದುರು ನಿಂತಿದ್ದಳು. ಪಕ್ಕದಲ್ಲಿ ಗೋಡೆಯಿಲ್ಲದ್ದು ಕಂಡಿರಲೇಬೇಕು. ಆದರೂ ಚಿಲಕ ತೆಗೆದಳು. ಕದ ಸದ್ದಿಲ್ಲದೆ ತೆರೆಯಿತು. ಆಚೆ ಕರಿಬೇವಿನ ಗಿಡ, ಹಗ್ಗದ ಮೇಲೆ ಮೊಮ್ಮಕ್ಕಳ ಚಡ್ಡಿ, ನೆಲ ಕೆದಕುವ ಕೋಳಿ. ಸೌಮ್ಯಶ್ರೀ ಬಲಗಾಲಿಟ್ಟು ಹೊಸ್ತಿಲು ದಾಟಿ, ಆ ಬಯಲಲ್ಲಿ ನಿಂತು, ಒಮ್ಮೆ ಮೇಲೆ ನೋಡಿದಳು.

"ಬಾಗ್ಲು ಬೋ ಚೆಂದಾಗದೆ ಕಣಪ್ಪ," ಅಂದಳು.

ಬೈದಿದ್ದರೆ ಆಚಾರ್ರು ತಡೆದುಕೊಳ್ಳುತ್ತಿದ್ದರು. ಈ ಮಾತಿಗೆ ಪಾಯದ ಕಲ್ಲಿನ ಮೇಲೆ ಕೂತುಬಿಟ್ಟರು. ಬೀಗಿತ್ತಿ ಒಳ್ಳೆಯ ಹೆಂಗಸು. "ಬೇಜಾರ್ ಮಾಡ್ಕಬ್ಯಾಡಿ ಬೀಗ್ರೇ. ನಮ್ಮಲ್ಲೊಂದ್ ರೂಮು ಖಾಲಿ ಅದೆ. ಮಗಿಗೇನು, ಎಲ್ಲಿ ಉಟ್ಟುದ್ರೂ ನಿಮ್ಮೊಮ್ಮಗನೇ," ಅಂದರು. ಸಂಜೆ ಲಲಿತಮ್ಮ ಅಳುತ್ತಲೇ ಮಗಳಿಗೆ ಮಡಿಲಕ್ಕಿ ತುಂಬಿದರು. ಬಾಣಂತನಕ್ಕೆಂದು ತವರಿಗೆ ಬಂದವಳು ಅದೇ ಕಾರಿನಲ್ಲಿ, ಅದೇ ಚೀಲದೊಂದಿಗೆ ನಾಗಮಂಗಲಕ್ಕೆ ತಿರುಗಿದಳು.

ಕಾರ್ತಿಕದಲ್ಲಿ ಹೆಣ್ಣುಮಗು ಹುಟ್ಟಿತು. ಬೀಗಿತ್ತಿ ನೀರು ಹುಯ್ಯುವುದನ್ನು ಲಲಿತಮ್ಮ ನೆಂಟರಂತೆ ಪಕ್ಕದಲ್ಲಿ ನಿಂತು ನೋಡಿದರು. ಕೂಸನ್ನು ನೋಡಿಕೊಂಡು ಗಂಡಹೆಂಡತಿ ಬಸ್ಸಿಳಿದು ಮನೆಗೆ ಬಂದಾಗ ಹಿತ್ತಿಲಲ್ಲಿ ಟ್ರಾಕ್ಟರು ನಿಂತಿತ್ತು, ಇಟ್ಟಿಗೆ ಇಳಿಯುತ್ತಿತ್ತು.

"ಬನ್ನಿ ಆಚಾರ್ರೇ! ಸಿಹಿ ಎಲ್ಲಿ?" ಅಂದ ಕುಮಾರ್. "ನಾಳೆಯಿಂದ ಗೋಡೆ ಸುರು. ಈ ಕದ ಬಿಚ್ಚಿ ಒಳಕ್ ಮಡ್ಗಿ, ಗಾರೆ ಬಿದ್ರೆ ಆಳಾಯ್ತದೆ."

ಆಷಾಢದಿಂದ ಆಚಾರ್ರು ಅವನಿಗೆಂದೇ ಮಾತು ಕೂಡಿಟ್ಟಿದ್ದರು. ಬಾಯಿ ತೆರೆದರು. ಬೈದರೆ ಇವನು ಬುಲೆಟ್ ಹತ್ತುತ್ತಾನೆ, ಇವನು ಹತ್ತಿದರೆ ಇನ್ನೊಬ್ಬ ಬರುವುದಿಲ್ಲ.

"ಕಾಫಿ ಕುಡೀತೀಯೇನಪ್ಪ ಕುಮಾರ?" ಅಂದರು.

ಲಲಿತಮ್ಮ ಗಂಡನ ಮುಖವನ್ನೊಮ್ಮೆ ನೋಡಿ, ಹಾಲು ಕಾಯಿಸಲು ಒಳಗೆ ಹೋದರು. ಆಚಾರ್ರು ಸ್ಕ್ರೂಡ್ರೈವರ್ ತಂದು, ಕದ ಬಿಚ್ಚಲು ಕೂತರು.