ಕಾಗದದ ಮೇಲಿನ ಪೂರ್ವ

ಟೆಕ್ಸಸ್‌ನ ಮೆಕಿನ್ನಿ ಊರಿನ ಹಳೇ ಪೇಟೆಯಲ್ಲಿ ನಾವು ಕೊಂಡ ಮನೆ ವಿಕ್ಟೋರಿಯನ್ ಕಾಲದ್ದು. ಮರದ ಮನೆ, ಮುಂದೆ ಜಗಲಿ, ಒಳಗೆ ಗೂಡು ಗೂಡಾಗಿ ಕತ್ತಲೆ ಕೋಣೆಗಳು. ಆರು ತಿಂಗಳಿಗೆಂದು ಬಂದ ಅಮ್ಮ ಎರಡೇ ತಿಂಗಳಿಗೆ ಗಂಟುಮೂಟೆ ಕಟ್ಟಿದಳು. ಅವಳ ಕಣ್ಣು ಮಂಜು, ಓದದೆ ಇರಲಾರಳು.

"ಬೆಳಗ್ಗೆ ಆ ಮುಂದಿನ ಕಿಟಕಿ ಹತ್ರ ಒಂದ್ಗಂಟೆ, ಅಷ್ಟೇ ನನ್ನ ಓದು. ಬೆಳಕು ಮಾಡ್ಸು, ಬಂದು ಇರ್ತೀನಿ."

ಸರಿ, ಮನೆ ರಿಪೇರಿಗೆ ಹೊರಟೆವು. ಒಳಗೋಡೆ ಒಡೆಯುವುದು, ಬಿಳಿ ಬಣ್ಣ, ಒಂದು ಬದಿ ಪೂರ್ತಿ ಗಾಜು. ಮುಂಭಾಗದ ಒಂದು ಮೊಳೆಯನ್ನೂ ಅಲುಗಿಸಬಾರದೆಂದು ಊರಿನ ಕಟ್ಟಳೆ. ಬಣ್ಣ ಬಳಿಯಲೂ ಅರ್ಜಿ! ಒಳಗಾದರೂ ನಮ್ಮಿಷ್ಟ ಅಂದುಕೊಂಡರೆ, ನನ್ನ ಗಂಡನಿಗೆ ವಾಸ್ತು ನೆನಪಾಯಿತು. ನಕ್ಷೆಯ ಫೋಟೊ ಮೈಸೂರಿನ ಅವರ ಸೋದರಮಾವನಿಗೆ ಹೋಯಿತು. ಮಾವ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ಕಳಿಸಿದರು: ನಕ್ಷೆಯ ಮೇಲಿನ ಬದಿಗೆ ಗಾಜು, ಕೆಳಗಿನ ಬದಿಗೆ ಭಾರದ ಬೀರು. ಗಂಡ ಅದನ್ನು ಹಾಗೇ ಕಂಟ್ರ್ಯಾಕ್ಟರ್ ಕೈಗೆ ಕೊಟ್ಟರು. ಇಡೀ ಗೋಡೆಯೇ ಗಾಜಾದ ಮೇಲೆ ಅಮ್ಮನಿಗೆ ಆ ಹಳೇ ಕಿಟಕಿ ಯಾಕೆಂದು ನಾನೂ ನೋಡಿ ತಲೆಯಾಡಿಸಿದೆ. ಮುಂದಿನ ಕಿಟಕಿಗೆ ಅಡ್ಡಲಾಗಿ ಆಳೆತ್ತರದ ಬೀರು ನಿಂತಿತು.

ಐದು ತಿಂಗಳು ಅನ್ನದ ಜೊತೆ ಧೂಳು ತಿಂದೆವು. ಜುಲೈನಲ್ಲಿ ಅಮ್ಮ ಬಂದಳು. ಬೆಳಗ್ಗೆ ಪುಸ್ತಕ ಹಿಡಿದು ಗಾಜಿನ ಮುಂದೆ ಕೂತಳು. ಬಿಸಿಲು ಬರಲೇ ಇಲ್ಲ. ಮಧ್ಯಾಹ್ನ ಮೂರಕ್ಕೆ ಬಂತು ನೋಡಿ, ಟೆಕ್ಸಸ್ ಬಿಸಿಲು! ಸೋಫಾ ಕಾದ ಕಾವಲಿಯಾಯಿತು. ಅಮ್ಮ ನಡುಮನೆಯಲ್ಲಿ ಕೊಡೆ ಬಿಡಿಸಿ ಕೂತಳು.

ಮಾವನಿಗೆ ಫೋನ್ ಮಾಡಿದೆ.

"ವಾಸ್ತು ನಕ್ಷೇಲಿ ಪೂರ್ವ ಮೇಲ್ಗಡೆ ಇರತ್ತಮ್ಮ. ನಿಮ್ಮದ್ರಲ್ಲಿ ಇರ್ಲಿಲ್ವಾ?"

ಇರಲಿಲ್ಲ. ನಮ್ಮ ನಕ್ಷೆಯಲ್ಲಿ ಕೆಳಗಿದ್ದದ್ದು ಬೀದಿ; ಬೀದಿಯೇ ಪೂರ್ವ. ಮನೆಯಲ್ಲಿ ಇಬ್ಬರು ಎಂಜಿನಿಯರುಗಳು, ಸೂರ್ಯ ಯಾವ ಕಡೆ ಹುಟ್ಟುತ್ತಾನೆಂದು ಒಬ್ಬರೂ ಹೊರಗೆ ಹೋಗಿ ನೋಡಲಿಲ್ಲ. ಥೂ, ನಮ್ಮ ಜನ್ಮಕ್ಕಿಷ್ಟು!

"ಪರದೆ ಹಾಕ್ಸಿದ್ರಾಯ್ತು ಬಿಡು," ಅಂದರು ಗಂಡ. ಮೈಯೆಲ್ಲ ಉರಿದುಹೋಯಿತು. ಬೇಗ ವಾಪಸ್ ಹೋಗಲು ಟಿಕೆಟ್ ಬದಲಾಯಿಸಬಹುದೇ ಎಂದು ಅಮ್ಮ ಆಗಲೇ ಕೇಳಿಯಾಗಿತ್ತು.

ಶನಿವಾರ ಬೆಳಗ್ಗೆ ಗಂಡ, ನಾನು ಇಬ್ಬರೇ ಬೀರು ಕಳಚಿದೆವು. ಹಿಂದೆ ಹಳೇ ಕಿಟಕಿ ಹಾಗೇ ಇತ್ತು. ನಾನು ಶಪಿಸಿದ್ದ ಕಟ್ಟಳೆಯೇ ಅದನ್ನು ಉಳಿಸಿತ್ತು. ಅಡ್ಡಗೋಡೆಗಳಿಲ್ಲದ ಮನೆಯಲ್ಲಿ ಬಿಸಿಲು ಅಡುಗೆಮನೆಯವರೆಗೂ ನುಗ್ಗಿತು. ಅಮ್ಮ ಕುರ್ಚಿ ಎಳೆದುಕೊಂಡು ಬಂದಳು. ಬಿಸಿಲು ಸರಿದಂತೆ ತಾನೂ ಸರಿಯುತ್ತ ಹನ್ನೊಂದರವರೆಗೆ ಓದಿದಳು. ಟಿಕೆಟ್ ಮಾತು ಎತ್ತಲಿಲ್ಲ. ಕನ್ನಡಕ ತೆಗೆದು ಒರೆಸುತ್ತ ಹಿಂದೆ ತಿರುಗಿ ನೋಡಿದಳು.

"ಇಷ್ಟೇ ಸಾಕಿತ್ತಲ್ಲೇ. ಆ ಗಾಜು ಯಾರಿಗೆ?"