ಮಂಡಿಯ ಮೇಲಿನ ತಾಳ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ನನ್ನ ಗಂಡ ನೆಂಟರಿಷ್ಟರ ಮುಂದೆಲ್ಲ ಆಡಿಕೊಳ್ಳುತ್ತಾರೆ. ನಿಜವೇ, ಸುಳ್ಳೇನಲ್ಲ. ಆದರೆ ಆ ಈಮೇಲ್ ಬಂದ ಮಧ್ಯಾಹ್ನ ನನಗೆ ಕೋಪ ಬರಲಿಲ್ಲ. ಚೈಲ್ಡ್‌ಕೇರ್‌ನಲ್ಲಿ ಮಕ್ಕಳನ್ನು ಮಲಗಿಸಿ ಬಂದು, ಚಿತ್ರಾನ್ನದ ಡಬ್ಬಿ ತೆರೆದು ಕೂತಿದ್ದೆ. ಸುಮ್ಮನೆ ಫೋನ್ ನೋಡಿದೆ. ನಾನು ಸಂಗೀತದ ಕ್ಲಾಸಿನಲ್ಲಿ ಒಂದು ಮಗುವಿಗೆ ಹೊಡೆದೆನೆಂದು ದೂರು ಬಂದಿದೆಯಂತೆ. ನನ್ನ ಬ್ಲೂ ಕಾರ್ಡ್ ಉಳಿಯಬೇಕೋ ರದ್ದಾಗಬೇಕೋ ಎಂದು ಇಲಾಖೆಯವರು ಪರಿಶೀಲಿಸುತ್ತಿದ್ದಾರಂತೆ. ನಾನು ಹೇಳುವುದೇನಾದರೂ ಇದ್ದರೆ ಹೇಳಬಹುದಂತೆ. ತುತ್ತು ಬಾಯಲ್ಲೇ ಉಳಿಯಿತು.

ಬ್ರಿಸ್ಬೇನಿನಲ್ಲಿ ಮಕ್ಕಳ ಜೊತೆ ಕೆಲಸ ಮಾಡುವವರ ಹತ್ತಿರ ಸರ್ಕಾರ ಕೊಡುವ ಬ್ಲೂ ಕಾರ್ಡ್ ಇರಲೇಬೇಕು. ಅದು ಹೋದರೆ ನನ್ನ ಚೈಲ್ಡ್‌ಕೇರ್ ಕೆಲಸ ಹೋಗುತ್ತದೆ. ಕೆಲಸ ಹೋದರೆ ವೀಸಾ ಹೋಗುತ್ತದೆ, ಏಕೆಂದರೆ ನಮ್ಮಿಬ್ಬರ ವೀಸಾ ನಿಂತಿರುವುದೇ ನನ್ನ ಕೆಲಸದ ಮೇಲೆ. ನಾವು ಮೊದಲು ಪರ್ತ್‌ನ ಎಲೆನ್‌ಬ್ರೂಕ್‌ನಲ್ಲಿದ್ದೆವು. ಅಲ್ಲಿ ಗಂಡನ ಕೆಲಸ ಹೋಯಿತು. ಆಮೇಲೆ ನಾನು ಕಾಲೇಜು ಸೇರಿ, ನನ್ನ ಅರ್ಧ ವಯಸ್ಸಿನ ಹುಡುಗಿಯರ ಪಕ್ಕದಲ್ಲಿ ಕೂತು ಶಿಶುಪಾಲನೆಯ ಡಿಪ್ಲೊಮಾ ಮುಗಿಸಿದೆ. ಈ ಊರಿನಲ್ಲಿ ಕೆಲಸ ಸಿಕ್ಕಿತೆಂದು ಪಾತ್ರೆಪಡಗ ಕಟ್ಟಿಕೊಂಡು ಬಂದೆವು. ಗಂಡ ಈಗ ಇಪ್ಸ್‌ವಿಚ್‌ನ ಗೋಡೌನೊಂದರಲ್ಲಿ ಶಿಫ್ಟ್ ಕೆಲಸ ಮಾಡುತ್ತಾರೆ. ಇನ್ನೊಂದು ಸಲ ಸಂಸಾರ ಕಟ್ಟಿಕೊಂಡು ಓಡುವ ತ್ರಾಣ ನಮ್ಮಿಬ್ಬರಲ್ಲೂ ಇರಲಿಲ್ಲ.

ಸಂಗೀತದ ಕ್ಲಾಸು ನನ್ನ ಹುಚ್ಚು. ಶನಿವಾರ ಎಯ್ಟ್ ಮೈಲ್ ಪ್ಲೇನ್ಸ್‌ನ ಸಮುದಾಯ ಭವನದಲ್ಲಿ ನಮ್ಮ ಕಡೆಯ ಕೆಲವು ಮಕ್ಕಳಿಗೆ ಸರಳೆ, ಜಂಟಿ ಹೇಳಿಕೊಡುತ್ತೇನೆ. ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಹಾಡುವಾಗ ಅದೊಂದು ತಾಪತ್ರಯವಿಲ್ಲ. ಸ್ವರಕ್ಕೆ ಯಾವ ಭಾಷೆಯಾದರೇನು?

ಸಂಗೀತ ಕಲಿತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ನಾವು ತಾಳ ಹಾಕುವುದು ತೊಡೆಯ ಮೇಲೆ. ಒಂದು ಪೆಟ್ಟು, ಆಮೇಲೆ ಕಿರುಬೆರಳಿನಿಂದ ಎಣಿಕೆ, ಮತ್ತೆ ಪೆಟ್ಟು, ಆಮೇಲೆ ಅಂಗೈ ತಿರುವುವುದು. ಕೆಲವು ಮಕ್ಕಳಿಗೆ ಎಷ್ಟು ಹೇಳಿದರೂ ತಾಳ ಹಿಡಿತಕ್ಕೆ ಸಿಗುವುದಿಲ್ಲ. ಆಗ ಗುರು ಎದುರಿಗೆ ಕೂತು ಮಗುವಿನ ಮಂಡಿಯ ಮೇಲೆಯೇ ತಾಳ ಹಾಕುತ್ತಾರೆ. ಲೆಕ್ಕ ತಲೆಗೆ ಹತ್ತದಿದ್ದರೆ ಮೈಗಾದರೂ ಹತ್ತಲಿ ಎಂದು. ಮೈಸೂರಿನಲ್ಲಿ ನನ್ನ ಗುರುಗಳು ನನ್ನ ಮಂಡಿಯ ಮೇಲೆ ಹಾಗೆಯೇ ಹಾಕಿದರು. ಅದನ್ನು ಹೊಡೆತವೆಂದು ನಮ್ಮಲ್ಲಿ ಯಾರೂ ಕನಸಿನಲ್ಲೂ ಅಂದುಕೊಂಡವರಲ್ಲ.

ಆ ಶನಿವಾರ ಅತ್ತದ್ದು ನನ್ನ ಕ್ಲಾಸಿನ ಅತಿ ಚಿಕ್ಕ ಹುಡುಗಿ. ಒಂದನೇ ಕ್ಲಾಸಿನ ಕೂಸು. ಅವಳ ಗೆಳತಿಯ ಹುಟ್ಟುಹಬ್ಬದ ಬಾರ್ಬಿ, ಅಂದರೆ ಬಾರ್ಬೆಕ್ಯೂ ಪಾರ್ಟಿ, ಅದೇ ಹೊತ್ತಿಗೆ ಇತ್ತು. ಕೆಳಗಿನ ಪಾರ್ಕಿನಿಂದ ಸಾಸೇಜ್ ಸುಡುವ ವಾಸನೆ ಬರುತ್ತಿತ್ತು. ಅವಳಮ್ಮ ಅದನ್ನು ತಪ್ಪಿಸಿ ಕ್ಲಾಸಿಗೆ ತಂದು ಕೂರಿಸಿ ಹೋಗಿದ್ದಳು. ಮಗು ಕಣ್ಣೀರು ಸುರಿಸುತ್ತಲೇ ಸರಿಗಮ ಹೇಳುತ್ತಿತ್ತು, ನಾನು ಅವಳ ಮಂಡಿಯ ಮೇಲೆ ತಾಳ ಹಾಕುತ್ತಿದ್ದೆ. ಭವನದ ಬಾಗಿಲು ಗಾಜಿನದು. ನಮ್ಮ ನಂತರದ ಹೊತ್ತಿಗೆ ಬುಕ್ ಮಾಡಿದ್ದ ಕಸೂತಿ ಗುಂಪಿನ ಹೆಂಗಸೊಬ್ಬಳು ಹೊರಗೆ ನಿಂತು ನೋಡಿದಳು. ಒಳಗಿನ ಹಾಡು ಅವಳಿಗೆ ಕೇಳಿಸಿರಲಾರದು. ಕಂಡದ್ದು ಮಾತ್ರ ಅಳುವ ಮಗು ಮತ್ತು ಅದರ ಕಾಲಿನ ಮೇಲೆ ಬೀಳುತ್ತಿದ್ದ ನನ್ನ ಕೈ.

ಅವಳನ್ನು ಬೈಯಲಿಕ್ಕೂ ನನಗೆ ಬಾಯಿಲ್ಲ. ಡಿಪ್ಲೊಮಾದಲ್ಲಿ ನಮಗೆ ಅದನ್ನೇ ಕಲಿಸಿದ್ದರು: ಅನುಮಾನ ಬಂದರೆ ತಿಳಿಸಿ, ಖಚಿತವಾಗಲೆಂದು ಕಾಯಬೇಡಿ. ಅವಳ ಜಾಗದಲ್ಲಿ ನಾನಿದ್ದರೂ ಫೋನ್ ಮಾಡುತ್ತಿದ್ದೆ.

ಈಮೇಲ್ ಬಂದ ದಿನವೇ ಚೈಲ್ಡ್‌ಕೇರ್‌ನವರು ಮೃದುವಾಗಿಯೇ ಹೇಳಿದರು, ಇದು ಮುಗಿಯುವವರೆಗೆ ಮನೆಯಲ್ಲಿರಿ ಎಂದು. ಹಗಲು ಹೊತ್ತಿನಲ್ಲಿ ಮನೆಯಲ್ಲಿ ಕೂತು ಅಭ್ಯಾಸವಿಲ್ಲ. ಅಂಚೆಯವನ ಬೈಕಿನ ಸದ್ದಾದರೆ ಎದ್ದುಹೋಗಿ ಪರದೆ ಸರಿಸಿ ನೋಡುತ್ತಿದ್ದೆ. ಕೋಲ್ಸ್ ಅಂಗಡಿಯಲ್ಲೋ ಎಲ್ಲೋ ಟ್ರಾಲಿಯಲ್ಲಿ ಕೂತ ಮಗು ನನ್ನತ್ತ ನಕ್ಕರೆ ಮುಖ ತಿರುಗಿಸಿಕೊಂಡು ಬೇರೆ ಸಾಲಿಗೆ ಹೋಗುತ್ತಿದ್ದೆ. ನಾನೇನೂ ಮಾಡಿಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಏನು ಬಂತು?

"ಅಡಿಲೇಡ್‌ಗೆ ಹೋಗ್ಬಿಡೋಣ ಕಣೇ," ಎಂದರು ಗಂಡ. "ಅಲ್ಲಿ ನನ್ನ ಫ್ರೆಂಡ್ ಇದಾನೆ. ಏನಾದ್ರೂ ಕೆಲಸ ಕೊಡಿಸ್ತಾನೆ."

"ಅಡಿಲೇಡ್‌ನೋರು ಕಾರ್ಡ್ ಕೇಳಲ್ವಾ? ಅಲ್ಲೇನು ಮಕ್ಕಳಿಲ್ವಾ?" ಎಂದು ರೇಗಿದೆ. ಪಾಪ, ಅವರು ಅಕ್ಕಿ ತೊಳೆಯಲು ಹೋದರು. ಅವರಿಗೂ ಭಯವೇ, ಅದನ್ನು ನನ್ನ ಮುಂದೆ ತೋರಿಸುತ್ತಿರಲಿಲ್ಲ ಅಷ್ಟೇ.

ಕೊನೆಗೆ ಚೈಲ್ಡ್‌ಕೇರ್‌ನ ಗೆಳತಿಯೊಬ್ಬಳು ಒಂದು ಉಚಿತ ಕಾನೂನು ಕೇಂದ್ರದ ವಿಳಾಸ ಕೊಟ್ಟಳು. ಹಳೆಯ ಮರದ ಮನೆಯಲ್ಲಿ ನಡೆಯುವ ಕೇಂದ್ರ. ಜಗುಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಅವುಗಳಲ್ಲಿ ನನ್ನ ಹಾಗೆಯೇ ಮುಖ ಬಾಡಿಸಿಕೊಂಡು ಕೂತವರು. ನನ್ನನ್ನು ಒಳಗೆ ಕರೆದ ವಕೀಲೆ ಹುಡುಗಿ ನನ್ನ ಹೆಸರು ನೋಡಿ, "ನೀವು ಕರ್ನಾಟಕದವರಾ?" ಎಂದಳು. ಅವಳ ಅಪ್ಪ ಅಮ್ಮ ಮಂಗಳೂರಿನ ಕಡೆಯವರು, ಮಸ್ಕತ್ತಿನಲ್ಲಿದ್ದು ಇಲ್ಲಿಗೆ ಬಂದವರು. ಇವಳು ಹುಟ್ಟಿದ್ದು ಇಲ್ಲೇ. ಅಷ್ಟು ಕೇಳಿದ್ದೇ ತಡ, ನಾನು ಗೊಳೋ ಎಂದು ಅತ್ತುಬಿಟ್ಟೆ.

ಟಿಶ್ಯೂ ಡಬ್ಬಿ ನನ್ನ ಕಡೆ ತಳ್ಳಿ ಅವಳು ಕಾದಳು. ಆಮೇಲೆ ಕೇಳಿದಳು, "ನೀವು ಮಗುವಿನ ಕಾಲು ಮುಟ್ಟಿದ್ದು ಹೌದಾ ಅಲ್ಲವಾ, ಆಂಟಿ?"

"ಹೌದಮ್ಮಾ. ಆದ್ರೆ ಅದು ತಾಳ."

"ಹಾಗಾದರೆ ಹಾಗೆಯೇ ಬರೆಯುವ. ನಿಜ ಹೇಳುವುದಕ್ಕೆ ಹೆದರಬೇಡಿ ಮಾರಾಯ್ರೆ." ಅವಳ ಅಮ್ಮನ ಬಾಯಿಂದ ಬಂದ ಕನ್ನಡವಿರಬೇಕು. ಆಮೇಲಿನದೆಲ್ಲ ಇಂಗ್ಲಿಷಿನಲ್ಲೇ ನಡೆಯಿತು. ಅವಳ ಮೇಜಿನ ಮೇಲೆಯೇ ನಾನು ಆದಿತಾಳ ಹಾಕಿ ತೋರಿಸಿದೆ. ಎಷ್ಟು ಜೋರು, ಯಾವ ಬೆರಳು, ಮಗು ಯಾಕೆ ಅಳುತ್ತಿತ್ತು, ಒಂದನ್ನೂ ಬಿಡದೆ ಅವಳು ಬರೆದುಕೊಂಡಳು. ಅಂದು ಮನೆಗೆ ಬಂದು ಹೊಟ್ಟೆ ತುಂಬ ಉಂಡೆ.

ನನ್ನ ನೆಮ್ಮದಿ ಬಹಳ ದಿನ ಬಾಳಲಿಲ್ಲ. ಒಂದು ಮಧ್ಯಾಹ್ನ, ಒಗೆದ ಬಟ್ಟೆ ಹರವುತ್ತಿದ್ದಾಗ ವಕೀಲೆಯ ಫೋನ್ ಬಂತು. ಅವಳ ದನಿ ಬೇರೆಯಾಗಿತ್ತು. ಇಲಾಖೆಯವರು ಕ್ಲಾಸಿನ ಮಕ್ಕಳನ್ನೆಲ್ಲ ಒಬ್ಬೊಬ್ಬರನ್ನಾಗಿ ಮಾತನಾಡಿಸಿದ್ದರು. ಎಲ್ಲ ಮಕ್ಕಳೂ ಒಂದೇ ವಾಕ್ಯ ಹೇಳಿದ್ದರು, ಆಂಟಿ ನಮ್ಮನ್ನು ಯಾವತ್ತೂ ಮುಟ್ಟುವುದೇ ಇಲ್ಲ ಎಂದು. ಒಂದಿಬ್ಬರು ಪ್ರಶ್ನೆ ಕೇಳುವ ಮೊದಲೇ ಹೇಳಿಬಿಟ್ಟಿದ್ದರು.

"ಆಂಟಿ, ಮುಟ್ಟಿದೆ ಅಂತ ನೀವು ಬರೆದಿದ್ದೀರಿ. ಮಕ್ಕಳು ಇಲ್ಲ ಅಂತಾರೆ. ಅವರಿಗೆ ಯಾರು ಕಲಿಸಿದ್ದು?"

"ಅಯ್ಯೋ ದೇವ್ರೇ, ನಂಗೊತ್ತಿಲ್ಲಮ್ಮಾ!"

"ನೀವೇ ಕಲಿಸಿದ್ದು ಅಂತ ಇಲಾಖೆಯವರು ಅಂದುಕೊಂಡರೆ ಕಷ್ಟ. ಹೊಡೆದು, ಮಕ್ಕಳ ಬಾಯಿ ಮುಚ್ಚಿಸಿದ ಹಾಗೆ ಕಾಣುತ್ತದೆ."

ಒದ್ದೆ ಬಟ್ಟೆಯ ಬುಟ್ಟಿಯ ಪಕ್ಕದಲ್ಲಿ ಹುಲ್ಲಿನ ಮೇಲೆ ಕುಸಿದು ಕೂತೆ. ಮೊದಲನೆಯದು ಯಾರೋ ಗೊತ್ತಿಲ್ಲದವಳು ಗಾಜಿನಾಚೆಯಿಂದ ತಪ್ಪು ತಿಳಿದದ್ದು. ಇದು ನಮ್ಮವರೇ ಪ್ರೀತಿಯಿಂದ ನನ್ನ ಕುತ್ತಿಗೆಗೆ ಹಾಕಿದ ಹಗ್ಗ. ಕಲಿಸಿದವರು ಯಾರೆಂದು ಊಹಿಸಲು ನನಗೆ ಹೊತ್ತೇನೂ ಹಿಡಿಯಲಿಲ್ಲ. ಆ ಪುಟ್ಟ ಹುಡುಗಿಯ ಅಮ್ಮನೇ ನಮ್ಮ ಕ್ಲಾಸಿನ ವಾಟ್ಸಾಪ್ ಗುಂಪು ನಡೆಸುವವಳು. ಇಪ್ಸ್‌ವಿಚ್ ಆಸ್ಪತ್ರೆಯಲ್ಲಿ ನರ್ಸು, ಬೆಂಗಳೂರಿನವಳು, ಯಾರ ಮನೆಯಲ್ಲಿ ಏನಾದರೂ ಮೊದಲು ಓಡಿ ಬರುವ ಹೆಂಗಸು. ದೂರಿನ ಸುದ್ದಿ ತಿಳಿದ ದಿನವೇ ನನಗೆ ಹೇಳಿದ್ದಳು, "ಟೀಚರ್, ನೀವೇನೂ ಟೆನ್ಶನ್ ಮಾಡ್ಕೋಬೇಡಿ, ನಾವೆಲ್ಲ ಇದೀವಲ್ಲ." ನಮ್ಮಲ್ಲಿ ಅಷ್ಟೇ ತಾನೆ. ಒಬ್ಬರಿಗೆ ಕಷ್ಟ ಬಂದರೆ ಎಲ್ಲರೂ ಒಂದೇ ಮಾತು ಆಡುತ್ತೇವೆ, ಅದನ್ನೇ ಒಗ್ಗಟ್ಟು ಎನ್ನುತ್ತೇವೆ.

ಅವಳಿಗೆ ಫೋನ್ ಮಾಡಿದೆ; ಡ್ಯೂಟಿ ಮುಗಿಸಿ ಬರುವಾಗ ಮೋಟರ್‌ವೇ ಪಕ್ಕದ ಪೆಟ್ರೋಲ್ ಬಂಕಿನಲ್ಲಿ ಸಿಗುತ್ತೇನೆಂದಳು. ನಾನು ಹೋದಾಗ ಯೂನಿಫಾರ್ಮಿನಲ್ಲೇ ಕಾರಿಗೆ ಪೆಟ್ರೋಲ್ ತುಂಬಿಸುತ್ತಿದ್ದಳು. ಅಲ್ಲಿಯವರೆಗೆ ಭಯದಲ್ಲಿ ಹೂತುಹೋಗಿದ್ದ ಕೋಪವೆಲ್ಲ ಒಮ್ಮೆಗೇ ನೆತ್ತಿಗೇರಿತು.

"ಏನ್ರೀ ಮಾಡ್ಬಿಟ್ರಿ ನೀವು? ನಿಮ್ಮ ಉಪಕಾರಕ್ಕಿಷ್ಟು! ನಾನೇ ಹೇಳಿಕೊಟ್ಟಿದೀನಿ ಅಂತಾರೆ ಈಗ!"

"ನಿಮಗೋಸ್ಕರಾನೇ ಮಾಡಿದ್ದು ಟೀಚರ್," ಎಂದಳು ಅವಳು. ಮುಖ ಬಿಳಿಚಿಕೊಂಡಿತ್ತು. "ಮುಟ್ಟಿಲ್ಲ ಅಂದ್ರೆ ಕೇಸೇ ಇರಲ್ಲ ಅಂದ್ಕೊಂಡೆ."

"ಹಾಗಾದ್ರೆ ಹೋಗಿ ಅದನ್ನೇ ಹೇಳಿ. ನೀವೇ ಕಲಿಸಿದ್ದು ಅಂತ ಹೇಳಿ."

ಅವಳು ಪಂಪಿನ ಹಿಡಿಯನ್ನು ಹಾಗೇ ಒತ್ತಿ ಹಿಡಿದು ನಿಂತಳು. ಆಮೇಲೆ ಮೆಲ್ಲಗೆ, "ನಾನು ನರ್ಸು ಟೀಚರ್. ಅಧಿಕಾರಿಗಳಿಗೆ ಸುಳ್ಳು ಹೇಳಿಸಿದೆ ಅಂದ್ರೆ ನನ್ನ ರಿಜಿಸ್ಟ್ರೇಶನ್ ಏನಾಗುತ್ತೆ? ನಮ್ಮ ಮನೇಲೂ ಎಲ್ಲ ನನ್ನ ಕೆಲಸದ ಮೇಲೇ ಇದೆ," ಎಂದಳು.

ನನ್ನ ಹೊಟ್ಟೆಯೊಳಗಿದ್ದ ಭಯವನ್ನೇ ಅವಳ ಮುಖದಲ್ಲಿ ಕಂಡೆ. ನೀವು ಹೋಗದಿದ್ದರೆ ನಾನೇ ನಿಮ್ಮ ಹೆಸರು ಹೇಳುತ್ತೇನೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಡಲಿಲ್ಲ. ಹಾಗೆಂದು ಪರವಾಗಿಲ್ಲ ಬಿಡಿ ಎಂದೂ ಹೇಳಲಿಲ್ಲ. ಅಷ್ಟು ದೊಡ್ಡ ಮನಸ್ಸು ನನ್ನದಲ್ಲ. ನಮ್ಮ ನಮ್ಮ ಕಾರು ಹತ್ತಿದೆವು.

ಮರುದಿನ ಇಡೀ ದಿನ ಫೋನನ್ನು ಸೆರಗಿನಲ್ಲಿ ಕಟ್ಟಿಕೊಂಡವಳಂತೆ ಓಡಾಡಿದೆ. ಸಂಜೆಯಾಗುವ ಮೊದಲು ವಕೀಲೆ ಫೋನ್ ಮಾಡಿದಳು. ನರ್ಸು ಕಾನೂನು ಕೇಂದ್ರಕ್ಕೆ ಬಂದಿದ್ದಳಂತೆ. ಅವಳ ಪರವಾಗಿ ಬೇರೆ ವಕೀಲರೊಬ್ಬರನ್ನು ಜೊತೆಗಿಟ್ಟುಕೊಂಡು ಇಲಾಖೆಗೆ ಹೋಗಿ, ವಾಟ್ಸಾಪಿನಲ್ಲಿ ಎಲ್ಲರಿಗೂ ತಾನೇ ಹೇಳಿಕೊಟ್ಟದ್ದು, ಟೀಚರಿಗೆ ಅದು ಗೊತ್ತೇ ಇರಲಿಲ್ಲವೆಂದು ಹೇಳಿದಳಂತೆ. ಕೆಲವು ದಿನಗಳಾದ ಮೇಲೆ ಇಲಾಖೆಯವರು ಮಗುವನ್ನು ಮತ್ತೆ ಮಾತನಾಡಿಸಿದಾಗ ಅದು ತನ್ನ ಮಂಡಿಯ ಮೇಲೆ ತಾನೇ ತಾಳ ಹಾಕಿ, ಆಂಟಿ ಹೀಗೆ ಮಾಡುತ್ತಾರೆ, ನನಗೆ ಬಾರ್ಬಿಗೆ ಹೋಗಬೇಕಿತ್ತು, ಅದಕ್ಕೇ ಅತ್ತೆ ಎಂದಿತಂತೆ.

ನನ್ನ ಕಾರ್ಡ್ ಉಳಿಯಿತು. ಅವಳಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು. ಆ ದಿನ ಗಂಡ ಬೇಳೆ ಬೇಯಲು ಇಟ್ಟವರು ಅದನ್ನು ತಳ ಹಿಡಿಸಿ, ಅಡುಗೆಮನೆಯಲ್ಲೇ ಗೋಡೆಗೆ ಒರಗಿ ಅತ್ತರು. ಮದುವೆಯಾದ ಮೇಲೆ ಅವರು ಅತ್ತದ್ದನ್ನು ನಾನು ಕಂಡಿರಲಿಲ್ಲ.

ಚೈಲ್ಡ್‌ಕೇರ್‌ಗೆ ಮರಳಿದೆ. ಸ್ವಲ್ಪ ದಿನ ಬಿಟ್ಟು ಕ್ಲಾಸನ್ನೂ ಶುರುಮಾಡಿದೆ. ಬಾಗಿಲು ತೆರೆದಿರಬೇಕು, ಯಾರಾದರೂ ಒಬ್ಬರು ಪೋಷಕರು ಕೋಣೆಯಲ್ಲೇ ಇರಬೇಕು, ಮಕ್ಕಳನ್ನು ಮುಟ್ಟದೆ ಕಲಿಸಬೇಕು ಎಂದು ವಕೀಲೆ ಬುದ್ಧಿ ಹೇಳಿದ್ದಳು. ಎಲ್ಲವೂ ಸರಿಯಾದ ಮಾತೇ. ನಾನು ಒಪ್ಪಿದೆ.

ಮೊದಲ ಶನಿವಾರ ಆ ನರ್ಸೇ ಗೋಡೆಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದಳು. ಮಗು ನನ್ನ ಎದುರಿಗೆ ಚಾಪೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿತ್ತು. ಸರಳೆ ವರಸೆ ಅರ್ಧಕ್ಕೆ ಬಂದಾಗ ತಾಳ ತಪ್ಪಿತು. ನನ್ನ ಕೈ ತಾನಾಗಿ ಮುಂದೆ ಹೋಯಿತು. ಎಷ್ಟೋ ವರ್ಷಗಳ ರೂಢಿ. ಅವಳ ಮಂಡಿ ಇನ್ನೇನು ತಾಗಬೇಕು ಎನ್ನುವಾಗ ಬಿಸಿ ಬಾಣಲೆ ಮುಟ್ಟಿದವಳ ಹಾಗೆ ಕೈಯನ್ನು ಹಿಂದಕ್ಕೆಳೆದುಕೊಂಡೆ. ತೆರೆದ ಬಾಗಿಲಿನತ್ತ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ.

ಮಗು ಹಾಡು ನಿಲ್ಲಿಸಿ ನನ್ನ ಕೈಯನ್ನೂ ಮುಖವನ್ನೂ ನೋಡಿತು. "ಆಂಟಿ, ಆರ್ ಯು ಸ್ಕೇರ್ಡ್ ಆಫ್ ಮಿ?" ಎಂದಿತು.

ಗೋಡೆಯ ಹತ್ತಿರ ಕೂತವಳು ತಲೆ ತಗ್ಗಿಸಿದಳು. ಇಲ್ಲ ಎನ್ನಬಹುದಿತ್ತು. ಆದರೆ ಆ ಮಗುವಿನಿಂದ ಒಮ್ಮೆ ಸುಳ್ಳು ಹೇಳಿಸಿದ್ದು ಸಾಕಾಗಿತ್ತು.

"ಹೌದು ಕಂದಾ," ಎಂದೆ. "ಸ್ವಲ್ಪ ಭಯ ಆಗುತ್ತೆ."

"ಓಕೆ," ಎಂದು ಅದು ಎದ್ದಿತು. ತನ್ನ ಚಾಪೆಯನ್ನು ಎರಡೂ ಕೈಯಲ್ಲಿ ಹಿಡಿದು ದರದರ ಹಿಂದಕ್ಕೆ ಎಳೆದುಕೊಂಡು ಹೋಗಿ, ನನ್ನ ಕೈಗೆ ಸಿಗದಷ್ಟು ದೂರದಲ್ಲಿ ಹಾಸಿ ಕೂತಿತು. "ಈಸ್ ದಿಸ್ ಬೆಟರ್, ಆಂಟಿ?" ಎಂದು ಕೇಳಿತು.